ಅಡಿಕೆ ಸಿಪ್ಪೆಯಿಂದ ಬಯೋಚಾರ್: 13 ತಿಂಗಳ ಓಡಾಟ, 5,760 ರೂಪಾಯಿ

ಕಳೆದ ಮಂಗಳವಾರ ಬೆಳಿಗ್ಗೆ ಕೊಟ್ಟಿಗೆಯಲ್ಲಿದ್ದಾಗ ಫೋನ್ ಸದ್ದು ಮಾಡಿತು. ಖಾತೆಗೆ 5,760 ರೂಪಾಯಿ ಜಮೆ. 13 ತಿಂಗಳು ಕಾದಿದ್ದು ಇದಕ್ಕೇ. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ‘ಇಷ್ಟಕ್ಕಾ ಮಾರಾಯ, ಬೇಸಿಗೆ ಪೂರ್ತಿ ಮೈಗೆ ಮಸಿ ಬಳ್ಕೊಂಡು ಓಡಾಡಿದ್ದು?’ ಅಂದಳು.

ನಾನು ಏನೂ ಹೇಳಲಿಲ್ಲ. ಆದರೆ ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸುವ ಇದ್ದಿಲು, ಮಾಡಿದರೆ ಕಾರ್ಬನ್ ಕ್ರೆಡಿಟ್ ದುಡ್ಡು ಬರುತ್ತೆ ಅಂತ ಕೇಳಿ ನಾಲ್ಕೈದು ಜನ ನನಗೆ ಫೋನ್ ಮಾಡಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಖರ್ಚು, ಕಾಗದ, ಎಡವಿದ್ದು ಎಲ್ಲ ಇದೆ.

ನಮ್ಮದು ತೀರ್ಥಹಳ್ಳಿ ಕಡೆ ಮೂರೂವರೆ ಎಕರೆ ಅಡಿಕೆ ತೋಟ, ನಡುವೆ ಒಂದಿಷ್ಟು ಕಾಫಿ, ಮೆಣಸು. ಅಡಿಕೆಯವರಿಗೆ ಸಿಪ್ಪೆಯ ತಲೆನೋವು ಗೊತ್ತೇ ಇದೆ. ಮೊದಲು ಮನೆ ಮನೆಯಲ್ಲಿ ಮೆಟ್ಟುಗತ್ತಿಯಲ್ಲಿ ಸುಲಿಯುತ್ತಿದ್ದಾಗ ಸಿಪ್ಪೆ ಅಲ್ಲಲ್ಲೇ ಹಂಚಿ ಹೋಗುತ್ತಿತ್ತು. ಸುಲಿಯುವ ಮೆಷಿನ್ ಬಂದ ಮೇಲೆ ಒಂದೇ ಕಡೆ ಗುಡ್ಡೆ. ಬೇಗ ಕೊಳೆಯುವ ಪೈಕಿಯೂ ಅಲ್ಲ ಅದು. ಕೊನೆಗೆ ರಸ್ತೆ ಬದಿಗೆ ಸುರಿದು ಬೆಂಕಿ ಇಡುತ್ತಾರೆ. ಸುಗ್ಗಿ ಸಮಯದಲ್ಲಿ ಚನ್ನಗಿರಿ ಕಡೆ ಸಂಜೆ ಬೈಕಲ್ಲಿ ಹೋದವರಿಗೆ ಆ ಹೊಗೆ ನೆನಪಿರುತ್ತೆ.

2024ರ ನವೆಂಬರ್‌ನಲ್ಲಿ ಒಂದು ಕಂಪನಿಯ ಹುಡುಗ ನಮ್ಮೂರಿಗೆ ಬಂದು ಮೀಟಿಂಗ್ ಮಾಡಿದ. ಚೆನ್ನಾಗಿ ವಿವರಿಸಿದ, ಅದನ್ನು ಒಪ್ಪಲೇಬೇಕು. ಮರ ಗಾಳಿಯಿಂದ ಇಂಗಾಲ ತಗೊಂಡು ಬೆಳೆಯುತ್ತೆ. ಸಿಪ್ಪೆ ಕೊಳೆತರೂ, ಉರಿದು ಬೂದಿಯಾದರೂ ಆ ಇಂಗಾಲ ವಾಪಸ್ ಗಾಳಿಗೆ. ಗಾಳಿ ತಾಗದ ಹಾಗೆ ಸುಟ್ಟರೆ ಮಾತ್ರ ಸುಮಾರು ಅರ್ಧದಷ್ಟು ಇಂಗಾಲ ಇದ್ದಿಲಾಗಿ ಉಳಿಯುತ್ತೆ. ಅದನ್ನು ಮಣ್ಣಿಗೆ ಸೇರಿಸಿದರೆ ಬೇಗ ಕೊಳೆಯಲ್ಲ. ಹಾಗೆ ಗಾಳಿಗೆ ಹೋಗದೆ ಉಳಿಸಿದ ಕಾರ್ಬನ್ ಡೈಆಕ್ಸೈಡನ್ನು ಟನ್ ಲೆಕ್ಕದಲ್ಲಿ ಅಳೆಯುತ್ತಾರೆ, ಅದೇ ಕಾರ್ಬನ್ ಕ್ರೆಡಿಟ್. ಅದಕ್ಕೆ ದೊಡ್ಡ ಕಂಪನಿಗಳು ದುಡ್ಡು ಕೊಡುತ್ತವೆ, ಅದರಲ್ಲಿ ರೈತರಿಗೂ ಪಾಲು. ‘ಒಂದು ಟನ್ ಇದ್ದಿಲು ಅಂದ್ರೆ ಎರಡೂವರೆ ಟನ್ ಕ್ರೆಡಿಟ್ ಸರ್. ಟನ್ನಿಗೆ ನಿಮ್ಗೆ 3,200’ ಅಂದ. ನಾನು ಅಲ್ಲೇ ಕೂತು ಮನಸ್ಸಲ್ಲೇ ಗುಣಿಸಿದೆ. ಎರಡು ಟನ್ ಮಾಡಿದರೆ 16,000. ಸುಮ್ನೆ ಸುಡೋ ಸಿಪ್ಪೆಗೆ! ಆ ಗುಣಾಕಾರ ಎಲ್ಲಿ ತಪ್ಪಿತು ಅಂತ ಮುಂದೆ ಹೇಳುತ್ತೇನೆ.

ಮೊದಲ ಅಡ್ಡಿ ಬೆಂಕಿಯದ್ದಲ್ಲ, ಪಹಣಿಯದ್ದು. ಅವರು ಕೇಳಿದ್ದು ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಮೂರೇ. ನಮ್ಮ ಪಹಣಿ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಅಪ್ಪ ಹೋಗಿ ಆರು ವರ್ಷವಾಗಿತ್ತು, ‘ಮಾಡಿದ್ರಾಯ್ತು’ ಅಂತಲೇ ಆರು ವರ್ಷ ಕಳೆದಿತ್ತು. ತೀರಿಹೋದವರ ಹೆಸರಿನ ಜಮೀನಿಗೆ ಒಪ್ಪಂದ ಮಾಡೋಕೆ ಬರಲ್ಲ ಅಂದರು. ಸರಿ, ಪೌತಿ ಖಾತೆಗೆ ಹೊರಟೆ. ಅಪ್ಪನ ಮರಣ ಪ್ರಮಾಣಪತ್ರ ಪೆಟ್ಟಿಗೆಯಲ್ಲೇ ಸಿಕ್ಕಿತು. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದೆ. ಬೆಂಗಳೂರಿನಲ್ಲಿರುವ ತಂಗಿ ಸಹಿಗೆ ಅಂತ ಒಂದು ಭಾನುವಾರ ಬಂದು ಹೋದಳು. ಆಮೇಲೆ ಆಕ್ಷೇಪಣೆ ಇದ್ದರೆ ಹೇಳಿ ಅಂತ ನೋಟಿಸ್, ಅದರ ಅವಧಿ ಮುಗಿಯುವ ತನಕ ಕಾಯುವುದು. ಒಟ್ಟು ಒಂಬತ್ತು ವಾರ. ನಿಮ್ಮ ಪಹಣಿಯಲ್ಲಿ ಯಾರ ಹೆಸರಿದೆ ಅಂತ ಇವತ್ತೇ ನೋಡಿಕೊಳ್ಳಿ. ಬಯೋಚಾರ್ ಮಾಡದಿದ್ದರೂ ನೋಡಿಕೊಳ್ಳಿ.

ಒಪ್ಪಂದ 11 ಪುಟ, ಪೂರ್ತಿ ಇಂಗ್ಲಿಷ್. ಕನ್ನಡದ್ದು ಕೊಡಿ ಅಂದರೆ ಇಲ್ಲ ಅಂದರು. ತಂಗಿಗೆ ಫೋಟೊ ಕಳಿಸಿ ಓದಿಸಿದೆ. ಮೂರು ಮಾತು ಮುಖ್ಯ. ಕ್ರೆಡಿಟ್‌ನ ಹಕ್ಕು ಪೂರ್ತಿ ಕಂಪನಿಗೆ, ನಮಗೆ ಬರುವುದು ಪಾಲಿನ ದುಡ್ಡು ಮಾತ್ರ. ಅದೇ ಜಮೀನನ್ನು ಇನ್ನೊಂದು ಕಾರ್ಬನ್ ಯೋಜನೆಗೆ ಕೊಡುವಂತಿಲ್ಲ. ಇದ್ದಿಲನ್ನು ಒಲೆಗೆ ಹಾಕುವಂತಿಲ್ಲ, ಮಾರುವಂತಿಲ್ಲ, ಮಣ್ಣಿಗೇ ಹೋಗಬೇಕು. ಕೊನೆಯದು ನ್ಯಾಯವೇ ಬಿಡಿ. ಉರಿಸಿದರೆ ಇಂಗಾಲ ಮತ್ತೆ ಗಾಳಿಗೆ ತಾನೇ. ನಾನು ಗಮನಿಸದೇ ಬಿಟ್ಟ ಒಂದು ಸಾಲು ಇತ್ತು: ಟನ್ ಅಂದರೆ ‘ಎಲ್ಲ ಕಡಿತದ ನಂತರದ’ ಟನ್. ತಂಗಿ ಓದಿ ಹೇಳಿದ್ದಳು. ನಾನೇ ಹೂಂ ಹೂಂ ಅಂದಿದ್ದೆ.

ಸಿಪ್ಪೆ ಸುಡುವ ಕುಲುಮೆ ಅಂದರೆ ದೊಡ್ಡ ಯಂತ್ರ ಅಂತ ಹೆದರಬೇಡಿ. ನೆಲದಲ್ಲಿ ಒಂದು ಗುಂಡಿ, ಅಷ್ಟೇ. ಮೇಲೆ ಸುಮಾರು ಐದು ಅಡಿ ಅಗಲ, ತಳಕ್ಕೆ ಹೋದ ಹಾಗೆ ಕಿರಿದು, ಆಳ ಎರಡೂವರೆ ಅಡಿ. ನಾಯಿಗೆ ನೀರಿಡುವ ಬಟ್ಟಲಿನ ಆಕಾರ ಅನ್ನಿ. ಇದಕ್ಕೆ ಕೋನ್‌ಟಿಕಿ ಅಂತ ಹೆಸರು. ಇಥಾಕಾ ಸಂಸ್ಥೆಯ ಹ್ಯಾನ್ಸ್ ಪೀಟರ್ ಶ್ಮಿಟ್ ಮತ್ತು ಪಾಲ್ ಟೇಲರ್ ಅನ್ನುವವರು 2014ರ ಹೊತ್ತಿಗೆ ರೂಪಿಸಿದ್ದು. ಅವರದ್ದು ಕಬ್ಬಿಣದ ಬಾಣಲೆಯಂಥದ್ದು. ಬಡವರಿಗೆ ನೆಲದ ಗುಂಡಿಯೂ ನಡೆಯುತ್ತೆ. ತೆಗೆಸೋಕೆ 1,000 ರೂಪಾಯಿ ಆಯಿತು. ಇದರ ಗುಟ್ಟು ಏನಪ್ಪಾ ಅಂದರೆ, ಮೇಲೆ ಉರಿಯುವ ಜ್ವಾಲೆಯೇ ಬರುವ ಗಾಳಿಯನ್ನೆಲ್ಲ ತಿಂದುಬಿಡುತ್ತೆ. ಅದರ ಅಡಿಯಲ್ಲಿರುವ ಕೆಂಡಕ್ಕೆ ಗಾಳಿ ಸಿಗಲ್ಲ, ಹಾಗಾಗಿ ಬೂದಿಯಾಗದೆ ಇದ್ದಿಲಾಗಿ ಉಳಿಯುತ್ತೆ. ಹೊಗೆಯೂ ಅದೇ ಜ್ವಾಲೆಯಲ್ಲಿ ಉರಿದುಹೋಗಬೇಕು. ಹೋಗಬೇಕು, ಅಷ್ಟೇ.

ಫೆಬ್ರವರಿ ಎರಡನೇ ವಾರ ಮೊದಲ ಬೆಂಕಿ. ಸಿಪ್ಪೆ ಅಂಗಳದಲ್ಲಿ ಒಣಗಿ ಗರಿಗರಿ ಆಗಿದೆ ಅಂತ ನಾನೇ ತೀರ್ಮಾನ ಮಾಡಿದ್ದೆ. ತೇವ ಅಳೆಯುವ ಮೀಟರ್ ಇನ್ನೂ ಕೊರಿಯರ್‌ನಲ್ಲಿತ್ತು. ತಳದಲ್ಲಿ ಕಾಫಿ ಗಿಡ ಸವರಿದಾಗ ಬಿದ್ದ ಒಣ ರೆಂಬೆ ಇಟ್ಟು ಹಚ್ಚಿದೆ, ಚೆನ್ನಾಗಿ ಹತ್ತಿತು. ಮೇಲೆ ಎರಡು ಬುಟ್ಟಿ ಸಿಪ್ಪೆ ಸುರಿದೆ ನೋಡಿ, ಜ್ವಾಲೆ ಮಾಯ. ಹಳದಿ ಬಣ್ಣದ ದಪ್ಪ ಹೊಗೆ. ಮೇಲಕ್ಕೂ ಹೋಗದೆ ತೋಟದ ತುಂಬ ಕಂಬಳಿ ಹಾಸಿದ ಹಾಗೆ ಹರಡಿತು. ಅರ್ಧ ಗಂಟೆಯಲ್ಲಿ ಅರಣ್ಯ ಇಲಾಖೆಯ ವಾಚರ್ ಓಡಿ ಬಂದರು. ನಮ್ಮ ತೋಟದ ಮೇಲೇ ಸೊಪ್ಪಿನ ಬೆಟ್ಟ, ಅದು ಬೆಂಕಿ ಕಾಲ ಬೇರೆ. ‘ಏನ್ ಸ್ವಾಮಿ, ಬೆಟ್ಟಕ್ಕೇ ಕೊಟ್ರಾ?’ ಅಂದರು. ಗುಂಡಿ ತೋರಿಸಿ, ಮಜ್ಜಿಗೆ ಕೊಟ್ಟು, ಕಥೆ ಎಲ್ಲ ಹೇಳಿದೆ. ಅವರು ಸಿಪ್ಪೆಯ ಒಂದು ಚೂರು ಎತ್ತಿ ಬೆರಳಲ್ಲಿ ಸೀಳಿ ನನ್ನ ಕೈಗಿಟ್ಟರು. ಹೊರಗೆ ಗರಿಗರಿ, ಒಳಗಿನ ನಾರು ಇನ್ನೂ ತಣ್ಣಗೆ. ಮೀಟರ್ ಬಂದ ಮೇಲೆ ಅದೇ ರಾಶಿಗೆ ಚುಚ್ಚಿ ನೋಡಿದೆ. ತೇವ ಶೇ. 31.

15ಕ್ಕೆ ಇಳಿಯುವ ತನಕ ಬೆಂಕಿ ಇಡಬೇಡಿ. ಹೆಚ್ಚೆಂದರೆ 20. ನಾವು ತೆಳ್ಳಗೆ ಹರಡಿ, ದಿನಕ್ಕೊಮ್ಮೆ ತಿರುವಿ, ರಾತ್ರಿ ಇಬ್ಬನಿಗೆ ಟಾರ್ಪಾಲ್ ಮುಚ್ಚಿ, ಹತ್ತು ಹನ್ನೆರಡು ದಿನ ಒಣಗಿಸಿದೆವು. ಬೆಂಕಿ ಇಡುವ ಹಿಂದಿನ ದಿನ ವಾಚರ್‌ಗೂ ಪಂಚಾಯಿತಿಗೂ ಒಂದು ಫೋನ್ ಮಾಡುವ ಅಭ್ಯಾಸ ಅವತ್ತಿಂದಲೇ ಶುರು. ಸುತ್ತ ಎರಡಾಳು ಉದ್ದದಷ್ಟು ಜಾಗ ಕೆರೆದು ಸ್ವಚ್ಛ ಮಾಡಿಟ್ಟುಕೊಳ್ಳಿ.

ಕೈ ಕುದುರಿದ ಮೇಲೆ ಅದೊಂದು ಖುಷಿಯ ಕೆಲಸ. ಸಿಪ್ಪೆ ಮಾತ್ರ ಹಾಕಿದರೆ ಮೆತ್ತಗೆ ಕೂತುಬಿಡುತ್ತೆ, ಹೊಗೆ ಬರುತ್ತೆ. ರೆಂಬೆ ಒಂದು ಪದರ, ಸಿಪ್ಪೆ ಒಂದು ಪದರ ಹಾಕಬೇಕು. ಕೆಂಡದ ಮೇಲೆ ಬಿಳಿ ಬೂದಿಯ ತೆಳು ಪೊರೆ ಕಾಣಿಸಿಕೊಂಡ ತಕ್ಷಣ ಮುಂದಿನ ಬುಟ್ಟಿ. ಬೇಗ ಹಾಕಿದರೆ ಹೊಗೆ, ತಡವಾದರೆ ಬೂದಿ. ಮೂರೂವರೆ ಗಂಟೆಯಲ್ಲಿ ಗುಂಡಿ ತುಂಬುತ್ತೆ. ಆಮೇಲೆ ಪೈಪ್ ಹಿಡಿದು ನೀರು. 500 ಲೀಟರ್‌ಗೆ ಕಡಿಮೆ ಆಗಲ್ಲ. ಚೊಂಯ್ ಅಂತ ಆವಿ ಎದ್ದು ಮುಖಕ್ಕೇ ಬರುತ್ತೆ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಲ್ಲಿ. ಮರುದಿನ ತೆಗೆದು ನೆಲಕ್ಕೆ ಹರಡುವಾಗ ರೆಂಬೆಯ ಇದ್ದಿಲು ಬಳೆ ಚೂರಿನ ಹಾಗೆ ಕಿಣಿ ಕಿಣಿ ಅನ್ನುತ್ತೆ. ಹಾಗೆ ಸದ್ದು ಬಂದರೆ ಚೆನ್ನಾಗಿ ಬೆಂದಿದೆ ಅಂತ ಲೆಕ್ಕ. ಮುರಿದಾಗ ಕಂದು ಬಣ್ಣ ಕಂಡರೆ ಇನ್ನೂ ಬೆಂದಿಲ್ಲ.

ಏಪ್ರಿಲ್ ಮೂರನೇ ವಾರದ ತನಕ 23 ಸಲ ಸುಟ್ಟೆವು. ಒಂದು ಸಲಕ್ಕೆ ಒಣಗಿದ ಲೆಕ್ಕದಲ್ಲಿ ಸುಮಾರು 80 ಕೆಜಿ. ಬಾವಿ ತಳ ಕಾಣೋಕೆ ಶುರುವಾದ ಮೇಲೆ ನಿಲ್ಲಿಸಿದೆ. ಇದ್ದಿಲಿಗೆ ನೀರು ಹಾಕಿ ಗಿಡ ಒಣಗಿಸಿದರೆ ಊರವರು ನಗುತ್ತಾರೆ.

ಇನ್ನು ಕಂಪನಿಯ ಆ್ಯಪ್. ಪ್ರತಿ ಸಲಕ್ಕೂ ಆರು ಫೋಟೊ: ರಾಶಿ, ಮೀಟರ್, ಉರಿ, ನೀರು ಹಾಕಿದ್ದು, ಗುಂಡಿಯ ಅಳತೆ, ಕೊನೆಗೆ ಗೊಬ್ಬರದ ಜೊತೆ ಬೆರೆಸಿದ್ದು. ನಮ್ಮ ತೋಟದಲ್ಲಿ ನೆಟ್‌ವರ್ಕ್ ಅನ್ನುವುದೇ ಇಲ್ಲ. ತೆಗೆದ ಫೋಟೊ ಗುಡ್ಡ ಹತ್ತಿ ಕಳಿಸಬೇಕು. ಒಂದು ದಿನ ಮಸಿ ಕೈಯಲ್ಲಿ ಪರದೆ ಒತ್ತಿ ಒತ್ತಿ ಫೋನೇ ಹ್ಯಾಂಗ್ ಆಯಿತು. ಮೂರು ಸಲದ್ದು ಮೀಟರ್ ಫೋಟೊ ಇಲ್ಲ ಅಂತ ಲೆಕ್ಕಕ್ಕೇ ತಗೊಳ್ಳಲಿಲ್ಲ. ಮೊದಲ ಸಲದ್ದಂತೂ ಸರಿಯೇ, ಆದರೆ ಉಳಿದೆರಡರಲ್ಲಿ ಮೀಟರ್ ಕೈಯಲ್ಲೇ ಇತ್ತು, ಫೋಟೊ ಮರೆತದ್ದು. 240 ಕೆಜಿ ಕೈಬಿಟ್ಟು ಹೋಯಿತು. ಅಂದರೆ ಇದ್ದಿಲು ಹೋಗಲಿಲ್ಲ, ದುಡ್ಡು ಹೋಯಿತು.

ಈ ಮಧ್ಯೆ ಒಂದು ದಡ್ಡತನ ಮಾಡಿದೆ. ಉತ್ಸಾಹ ತಡೆಯದೆ ಹಸಿ ಇದ್ದಿಲನ್ನೇ ಪುಡಿ ಮಾಡಿ ಅಮ್ಮನ ಹರಿವೆ ಪಾತಿಗೆ ಹಾಕಿದೆ. ಹದಿನೈದು ದಿನದಲ್ಲಿ ಎಲೆಯೆಲ್ಲ ಹಳದಿ. ಇದ್ದಿಲಿನ ಮೈತುಂಬ ತೂತು. ಖಾಲಿ ಹೊಟ್ಟೆಯಲ್ಲಿ ಮಣ್ಣಿಗೆ ಬಿದ್ದರೆ ಅಲ್ಲಿನ ಸಾರವನ್ನು ಮೊದಲು ತಾನೇ ಹೀರಿಕೊಳ್ಳುತ್ತೆ. ಅಮ್ಮ ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವಳೇ ದಾರಿ ತೋರಿಸಿದಳು. ದರ್ಕು (ಒಣ ಎಲೆ) ಹಾಸುವ ಮೊದಲು ಕೊಟ್ಟಿಗೆಗೆ ಎರಡು ಬುಟ್ಟಿ ಇದ್ದಿಲು ಎರಚಿದಳು. ಗಂಜಲ ಎಲ್ಲ ಅದಕ್ಕೇ ಇಂಗಿತು, ಕೊಟ್ಟಿಗೆಯ ಘಾಟು ವಾಸನೆಯೂ ಕಡಿಮೆ ಆಯಿತು. ಅದು ಗೊಬ್ಬರದ ಗುಂಡಿಗೆ ಹೋಗಿ ಎರಡು ತಿಂಗಳು ಕೂತು ತೋಟಕ್ಕೆ ಬಂತು. ದನ ಇಲ್ಲದವರು ಜೀವಾಮೃತದಲ್ಲಿ ಎರಡು ವಾರ ನೆನೆಸಿದರೂ ಆಗುತ್ತೆ.

ಮರಕ್ಕೆ ಮೂರು ಕೆಜಿಗಿಂತ ಸ್ವಲ್ಪ ಜಾಸ್ತಿ ಹಾಕಿದೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ. ಬೇಸಿಗೆ ಪೂರ್ತಿ ದುಡಿದದ್ದು ಒಂದೇ ಎಕರೆಗೆ ಮುಗಿಯಿತು! ಇದನ್ನು ಮೀಟಿಂಗ್‌ನಲ್ಲಿ ಯಾರೂ ಹೇಳಿರಲಿಲ್ಲ. ನಮ್ಮ ಮಣ್ಣಿನ ಪಿಎಚ್ 5.2, ಮಲೆನಾಡಿನ ಮಾಮೂಲಿ ಹುಳಿ ಮಣ್ಣು. ಇದ್ದಿಲಿನಲ್ಲಿ ಬೂದಿಯ ಅಂಶ ಇರುವುದರಿಂದ ಸುಣ್ಣದ ಹಾಗೆ ಹುಳಿ ಇಳಿಸುತ್ತೆ. ಸಿಪ್ಪೆಯ ಪೊಟ್ಯಾಷ್ ಕೂಡ ಬಹುಪಾಲು ಅದರಲ್ಲೇ ಉಳಿಯುತ್ತೆ. ಸಾರಜನಕ ಮಾತ್ರ ಹೆಚ್ಚಿನದು ಸುಡುವಾಗಲೇ ಹೋಗುತ್ತೆ, ಹಾಗಾಗಿ ಇದು ಗೊಬ್ಬರಕ್ಕೆ ಬದಲಿ ಅಲ್ಲ. ಬಯಲುಸೀಮೆಯಲ್ಲಿ ಪಿಎಚ್ 8 ದಾಟಿದ ಮಣ್ಣಿನವರು ನನ್ನ ಮಾತು ಕೇಳಿ ಸುರಿಯಬೇಡಿ. ಮಣ್ಣು ಪರೀಕ್ಷೆ ಮಾಡಿಸಿಯೇ ಮುಂದಿನ ಮಾತು.

ಮೇ ಕೊನೆಗೆ ಕಂಪನಿಯವರು ಎಲ್ಲ ರಾಶಿಯಿಂದ ಒಂದೊಂದು ಹಿಡಿ ತಗೊಂಡು ಲ್ಯಾಬ್‌ಗೆ ಕಳಿಸಿದರು. ಏಳು ವಾರ ಸುದ್ದಿ ಇಲ್ಲ. ಮಳೆಗಾಲ, ಬೋರ್ಡೋ ಸಿಂಪಡಣೆ, ಕೊಳೆ ರೋಗದ ಗಡಿಬಿಡಿಯಲ್ಲಿ ನನಗೂ ಮರೆತೇ ಹೋಗಿತ್ತು. ಫಲಿತಾಂಶ ಚೆನ್ನಾಗಿತ್ತು: ಇಂಗಾಲ ಶೇ. 70, ಜಲಜನಕಕ್ಕೂ ಇಂಗಾಲಕ್ಕೂ ಇರುವ ಅನುಪಾತ 0.4ಕ್ಕಿಂತ ಕಡಿಮೆ. ಈ ಅನುಪಾತ ಕಡಿಮೆ ಇದ್ದಷ್ಟು ಇದ್ದಿಲು ಗಟ್ಟಿ, ಮಣ್ಣಲ್ಲಿ ಜಾಸ್ತಿ ಕಾಲ ಉಳಿಯುತ್ತೆ. ಆಮೇಲೆ ಪರಿಶೀಲನೆ, ಅದಾದ ಮೇಲೆ ಇನ್ನೊಂದು ಪರಿಶೀಲನೆ. ದಸರಾ ಹೋಯಿತು, ದೀಪಾವಳಿ ಹೋಯಿತು. ಹುಡುಗನಿಗೆ ಫೋನ್ ಮಾಡಿದಾಗೆಲ್ಲ ‘ಪ್ರೋಸೆಸ್‌ನಲ್ಲಿದೆ ಸರ್’.

ನವೆಂಬರ್ ಕೊನೆಗೆ ಲೆಕ್ಕದ ಹಾಳೆ ಬಂತು. 1.8 ಟನ್ ಕ್ರೆಡಿಟ್. ನಾನು ನಾಲ್ಕು ಟನ್ನಿನ ಮೇಲೆ ಕಾಯುತ್ತಿದ್ದೆ. ಸಿಟ್ಟಲ್ಲೇ ಹಾಳೆ ಹಿಡಿದು ಸಾಲು ಸಾಲಾಗಿ ಕೂಡಿಸಿ ನೋಡಿದೆ. ಮೋಸ ಅಂತೂ ಅಲ್ಲ. ಒಪ್ಪಿದ 20 ಸಲದ್ದು 1,600 ಕೆಜಿ ಇದ್ದಿಲು. ಅದರಲ್ಲಿ ಇಂಗಾಲ 1,120 ಕೆಜಿ. ಒಂದು ಕೆಜಿ ಇಂಗಾಲ ಉರಿದರೆ 3.67 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗುತ್ತೆ, ಹಾಗಾಗಿ 4.1 ಟನ್. ಹುಡುಗ ಹೇಳಿದ ಎರಡೂವರೆ ಪಟ್ಟು ಇಲ್ಲಿಗೆ ಸರಿ. ಅವನು ಇಲ್ಲಿಗೇ ನಿಲ್ಲಿಸಿದ್ದ.

ಮುಂದೆ ಕಡಿತ. 450ರಿಂದ 600 ಡಿಗ್ರಿಯಲ್ಲಿ ಮಾಡಿದ ಇದ್ದಿಲಿನ ಇಂಗಾಲದಲ್ಲಿ ಸುಮಾರು ಶೇ. 80 ಭಾಗ ನೂರು ವರ್ಷದ ನಂತರವೂ ಉಳಿದಿರುತ್ತೆ ಅಂತ ಐಪಿಸಿಸಿಯ (ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ) 2019ರ ಲೆಕ್ಕ. ಅದನ್ನು ಹಿಡಿದರೆ 3.3 ಟನ್. ಆಮೇಲೆ ಬಂತು ನೋಡಿ ದೊಡ್ಡ ಹೊಡೆತ: ಮೀಥೇನ್. ಉರಿಯದೆ ತಪ್ಪಿಸಿಕೊಂಡ ಹೊಗೆಯಲ್ಲಿ ಅದು ಇರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಬಿಸಿ ಏರಿಸುತ್ತೆ. ಕೆಜಿ ಇದ್ದಿಲಿಗೆ 30 ಗ್ರಾಂ ಮೀಥೇನ್ ಅಂತ ಹಿಡಿದಿದ್ದರು. ನೇಪಾಳದಲ್ಲಿ ಇಂಥ ಕುಲುಮೆಗಳಿಗೆ ಉಪಕರಣ ಇಟ್ಟು ಅಳೆದಾಗ ಸಿಕ್ಕ ಸರಾಸರಿ ಹೆಚ್ಚುಕಡಿಮೆ ಅಷ್ಟೇ. 30 ಗ್ರಾಂ ಏನು ಮಹಾ ಅನ್ನಿಸುತ್ತೆ, ಅಲ್ವಾ? 28ರಿಂದ ಗುಣಿಸಿ, 1,600ರಿಂದ ಗುಣಿಸಿ. 1.3 ಟನ್‌ಗೂ ಮೇಲೆ ಖೋತಾ. ಉಳಿದದ್ದರಲ್ಲಿ ಡೀಸೆಲ್‌ಗೆ, ಲೆಕ್ಕ ಹೆಚ್ಚುಕಡಿಮೆ ಆದರೆ ಇರಲಿ ಅಂತ ಒಂದಿಷ್ಟು ಕಳೆದು 1.8.

ತಮಾಷೆ ಅಂದರೆ, ನಾನು ತಲೆಕೆಡಿಸಿಕೊಂಡಿದ್ದು ಪಿಕಪ್ ಗಾಡಿಯ ಬಗ್ಗೆ. ಸುಲಿಯುವ ಶೆಡ್‌ನಿಂದ ಆರು ಟ್ರಿಪ್ ಸಿಪ್ಪೆ ತಂದಿದ್ದೆವು. ಹೋಗಿ ಬರೋಕೆ 18 ಕಿಲೋಮೀಟರ್. ಒಟ್ಟು ಒಂಬತ್ತು ಲೀಟರ್ ಡೀಸೆಲ್, ಲೀಟರ್‌ಗೆ 2.7 ಕೆಜಿ ಹಿಡಿದರೆ 24 ಕೆಜಿ ಕಾರ್ಬನ್ ಡೈಆಕ್ಸೈಡ್. ಏನೂ ಅಲ್ಲ. ಮೊದಲ ದಿನದ ಆ ಹಳದಿ ಹೊಗೆ ಒಂದೇ ಅದಕ್ಕಿಂತ ಜಾಸ್ತಿ ಕೆಡಿಸಿರುತ್ತೆ. ಸಿಪ್ಪೆ ಹಸಿಯಿದ್ದರೆ ನೀವು ಮಾಡುತ್ತಿರುವುದು ಹವಾಮಾನಕ್ಕೆ ಉಪಕಾರವೋ ಅಪಕಾರವೋ ಅನ್ನುವುದೇ ಅನುಮಾನ. ದೂರದಿಂದ ತಂದರೂ ಪರವಾಗಿಲ್ಲ, ಒಣಗಿದ್ದನ್ನು ತನ್ನಿ.

ಖರ್ಚು ಡೈರಿಯಲ್ಲಿದೆ. ಸುಡುವ ದಿನ ಇಬ್ಬರಿಗೆ ಅರ್ಧ ದಿನದ ಕೂಲಿ 500, 23 ಸಲಕ್ಕೆ 11,500. ಒಣಗಿಸೋಕೆ, ತಿರುವೋಕೆ 3,200. ಪಿಕಪ್ 4,200. ಮೀಟರ್ 1,800. ಬೂಟು, ಮಾಸ್ಕ್, ಕೈಗವಸು 1,400. ಗುಂಡಿಗೆ 1,000. ಛಾಪಾ ಕಾಗದ, ಜೆರಾಕ್ಸ್, ತೀರ್ಥಹಳ್ಳಿ ಓಡಾಟ 900. ಒಟ್ಟು 24,000. ನನ್ನ ಕೂಲಿ ಹಿಡಿದಿಲ್ಲ. ಸಿಪ್ಪೆಗೆ ದುಡ್ಡಿಲ್ಲ, ಶೆಡ್ಡಿನವರು ತಗೊಂಡು ಹೋದರೆ ಸಾಕು ಅಂದಿದ್ದರು. ಬಂದದ್ದು 5,760. ಅಂದರೆ 1,840 ಕೆಜಿ ಇದ್ದಿಲು ಕೆಜಿಗೆ ಹತ್ತು ರೂಪಾಯಿ ಹಾಗೆ ನನಗೆ ಬಿತ್ತು. ಆನ್‌ಲೈನ್‌ನಲ್ಲಿ ವಿಚಾರಿಸಿದಾಗ ಚೀಲದ್ದು ಕೆಜಿಗೆ 30ರ ಮೇಲೆ ಹೇಳಿದ್ದರು.

ಹಾಗಾಗಿ ಕೇಳಿದವರಿಗೆ ನಾನು ಹೇಳುವುದು ಇಷ್ಟು. ಕ್ರೆಡಿಟ್ ದುಡ್ಡು ಆದಾಯ ಅಂತ ಲೆಕ್ಕ ಹಾಕಬೇಡಿ, ಕೂಲಿಯ ಅರ್ಧವೂ ಹುಟ್ಟಲ್ಲ. ನಿಮ್ಮ ಮಣ್ಣು ಹುಳಿಯಾಗಿದ್ದರೆ, ಸಿಪ್ಪೆ ಹೇಗೂ ನಿಮ್ಮ ಅಂಗಳದಲ್ಲೇ ಬಿದ್ದಿದ್ದರೆ, ಬೇಸಿಗೆಯಲ್ಲಿ ಕೈ ಖಾಲಿ ಇದ್ದರೆ ಮಾಡಿ. ಕೂಲಿಯವರನ್ನೇ ನಂಬಿ, ಸಾಲ ಮಾಡಿ ಕಬ್ಬಿಣದ ಕುಲುಮೆ ತಂದು ಮಾಡುತ್ತೇನೆ ಅನ್ನುವವರು ಇನ್ನೊಮ್ಮೆ ಯೋಚನೆ ಮಾಡಿ. ಇಳುವರಿ ಬಗ್ಗೆ ಕೇಳಬೇಡಿ. ಅಡಿಕೆ ಮರ ಒಂದು ವರ್ಷಕ್ಕೆ ಏನೂ ಹೇಳಲ್ಲ. ಇದ್ದಿಲು ಹಾಕಿದ ಎಕರೆಯ ಪಿಎಚ್ ಮೊನ್ನೆ 5.5 ತೋರಿಸಿತು, ಅಷ್ಟು ಮಾತ್ರ ಗೊತ್ತು.

ನಿನ್ನೆ ಆ ಹುಡುಗ ಫೋನ್ ಮಾಡಿದ್ದ. ಈ ವರ್ಷಕ್ಕೂ ಸಹಿ ಮಾಡಿ ಸರ್ ಅಂದ. ಎರಡು ಮಾತು ಕೇಳಿದೆ. ಒಪ್ಪಂದ ಕನ್ನಡದಲ್ಲಿ ಬೇಕು. ಮೀಥೇನ್ ಕಡಿತ ಎಲ್ಲರಿಗೂ ಒಂದೇ ಅಳತೆ ಯಾಕೆ, 14ಕ್ಕೆ ಒಣಗಿಸಿದವನಿಗೂ 25ರಲ್ಲಿ ಸುಟ್ಟವನಿಗೂ ವ್ಯತ್ಯಾಸ ಇರಬೇಕಲ್ವಾ, ಹೇಗೂ ಮೀಟರ್ ಫೋಟೊ ನಿಮ್ಮ ಹತ್ತಿರ ಇದೆ. ‘ಮೇಲಿನವರನ್ನ ಕೇಳಿ ಹೇಳ್ತೀನಿ ಸರ್’ ಅಂದ.

ಅವರು ಹೇಳಲಿ. ಅಮ್ಮ ಆಗಲೇ ಕೊಟ್ಟಿಗೆಗೆ ಇದ್ದಿಲು ಮುಗಿಯಿತು ಅಂತ ಎರಡು ಸಲ ಹೇಳಿಯಾಗಿದೆ. ಈ ವರ್ಷದ ಸಿಪ್ಪೆ ಅಂಗಳದಲ್ಲಿ ಹರಡಿದೆ. ಇವತ್ತು ಮಧ್ಯಾಹ್ನ ಮೀಟರ್ ಚುಚ್ಚಿದೆ, 24. ಇನ್ನೊಂದು ವಾರ ಬಿಸಿಲು ಬೇಕು.